ಹಳೆಯ ಪೇಟಿ ಕೊಳ್ಳಬೇಕೋ, ಬೇಡವೋ? – ಹಾರ್ಮೋನಿಯಂ ನಡೆದುಬಂದ ದಾರಿ

ಹಾರ್ಮೋನಿಯಂಗೆ ನಮ್ಮ ಜತ್ತ ಸೀಮೆಯಲ್ಲಿ ಪೇಟಿ ಎನ್ನುತ್ತಾರೆ. ಕನ್ನಡದವರ ಬಾಯಲ್ಲೂ ಪೇಟಿಯೇ, ಮರಾಠಿಯವರ ಬಾಯಲ್ಲೂ ಪೇಟಿಯೇ. ಅದನ್ನು ಬಾರಿಸುವವರು ಪೇಟಿ ಮಾಸ್ತರರು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಹೋಗುವ ಭಜನಿ ಮೇಳದವರ ಹೆಗಲ ಮೇಲೆ, ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಭಾಗವತನ ಪಕ್ಕದಲ್ಲಿ, ಶಾಲೆಯ ಸ್ನೇಹ ಸಮ್ಮೇಳನದಲ್ಲಿ, ಸತ್ತವರ ಮನೆಯ ರಾತ್ರಿ ಭಜನೆಯಲ್ಲಿ... ಎಲ್ಲ ಕಡೆಗೂ ಅದು ಇದ್ದೇ ಇರುತ್ತದೆ. ಇಷ್ಟೆಲ್ಲ ನಮ್ಮದಾಗಿರುವ ಈ ವಾದ್ಯ ನಮ್ಮ ನೆಲದ್ದಲ್ಲ ಎಂದು ಏಳನೇ ಇಯತ್ತೆಯ ಮಕ್ಕಳಿಗೆ ಹೇಳಿದರೆ ಅವರು ನಂಬುವುದಿಲ್ಲ. "ಗುರೂಜಿ, ಸುಳ್ಳ ಹೇಳಬ್ಯಾಡ್ರಿ" ಎನ್ನುತ್ತಾರೆ!

ಈ ಲೇಖನ ಬರೆಯಲು ಒಂದು ಕಾರಣವಿದೆ. ನಮ್ಮ ಶಾಲೆಗೆ ಒಂದು ಪೇಟಿ ಬೇಕಾಗಿದೆ. ಪಾಲಕರು ವರ್ಗಣಿ ಕೂಡಿಸಿ ಕೊಟ್ಟಿದ್ದಾರೆ. ಕೊಟ್ಟವರಲ್ಲಿ ಬಹಳ ಮಂದಿ ದೀಪಾವಳಿ ಹತ್ತಿರ ಬಂತೆಂದರೆ ಕಬ್ಬು ಕಡಿಯಲು ಗಾಡಿ ಹತ್ತುವವರು. ಈ ದುಡ್ಡು ಎರಡನೆಯ ಸಲ ಬರುವುದಿಲ್ಲ. ಈಗ ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಪೇಟಿಗಳು ನಮ್ಮ ಮುಂದಿವೆ. ಒಂದು ಅಂಗಡಿಯ ಹೊಸ ಪೇಟಿ, ಬಿಲ್ಲಿನ ಸಮೇತ. ಇನ್ನೊಂದು ಹಳೆಯದು. ಒಂದು ಕಾಲಕ್ಕೆ ಕನ್ನಡ ನಾಟಕ ಕಂಪನಿಯೊಂದರಲ್ಲಿ ನುಡಿದು, ಆಮೇಲೆ ಭಜನಿ ಮೇಳಕ್ಕೆ ಬಂದು, ಈಗ ಒಂದು ಮನೆಯ ಅಟ್ಟದ ಮೇಲೆ ಕುಳಿತಿರುವ ಕೈಪೇಟಿ. ಆ ಮನೆಯವರು "ಇದು ಪ್ಯಾರಿಸ್ ಸುರದ ಪೇಟಿ, ಇಂಥಾದು ಈಗ ಸಿಗೂದಿಲ್ಲ" ಎನ್ನುತ್ತಾರೆ. ನಮ್ಮ ಸಮಿತಿಯಲ್ಲಿ ಕೆಲವರು ಹಳೆಯದೆಂದರೆ ಬಂಗಾರ ಎನ್ನುವವರು, ಕೆಲವರು ಹಳೆಯದೆಂದರೆ ಗುಜರಿ ಎನ್ನುವವರು. ಎರಡೂ ಮಾತು ಪೂರ್ತಿ ಸರಿಯಲ್ಲ ಎಂದು ನಮಗೆ ಅನಿಸಿತು. ಪೇಟಿಯ ಚರಿತ್ರೆ ಗೊತ್ತಿಲ್ಲದೆ ಹಳೆಯ ಪೇಟಿಯ ಬೆಲೆ ಕಟ್ಟಲಾಗದು. ಆದ್ದರಿಂದ ಚರಿತ್ರೆಯಿಂದಲೇ ಹೊರಡೋಣ.

ಪೇಟಿಯ ಒಳಗಿರುವ ಜೀವವೆಂದರೆ ಹಿತ್ತಾಳೆಯ ಸಣ್ಣ ನಾಲಗೆ. ಒಂದು ತುದಿ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ತುದಿ ಬಿಡಿಯಾಗಿರುತ್ತದೆ. ಗಾಳಿ ಹಾಯ್ದಾಗ ಅದು ತನ್ನ ಚೌಕಟ್ಟಿನ ಸೀಳಿನಲ್ಲಿ ಆಚೆ ಈಚೆ ಆಡಿ ನುಡಿಯುತ್ತದೆ. ಇಂಗ್ಲಿಷಿನಲ್ಲಿ ರೀಡ್, ನಮ್ಮ ಪೇಟಿ ಮಾಸ್ತರರ ಬಾಯಲ್ಲಿ ಸುರ. ಈ ಉಪಾಯ ಬಹಳ ಹಳೆಯದು. ಚೀನಾದ ಶೆಂಗ್ ಎಂಬ ಬಾಯಿವಾದ್ಯದಲ್ಲಿ ಇದೇ ತತ್ವವಿದೆ. ಯುರೋಪಿನವರು ಅದನ್ನು ಹಿಡಿದು ನಾನಾ ವಾದ್ಯ ಮಾಡಿದರು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಎಂಬುವನು ತಾನು ಮಾಡಿದ ವಾದ್ಯಕ್ಕೆ ಹಾರ್ಮೋನಿಯಂ ಎಂಬ ಹೆಸರಿಟ್ಟು ಪೇಟೆಂಟ್ ತೆಗೆದುಕೊಂಡನು. ಅದು ಕುರ್ಚಿಯ ಮೇಲೆ ಕೂತು, ಎರಡೂ ಕಾಲಿನಿಂದ ತಿದಿ ತುಳಿದು, ಎರಡೂ ಕೈಯಿಂದ ನುಡಿಸುವ ಮೇಜಿನಂಥ ವಾದ್ಯ. ದೊಡ್ಡ ಆರ್ಗನ್ ಕೊಳ್ಳಲಾಗದ ಸಣ್ಣ ಇಗರ್ಜಿಗಳಿಗೆ ಅದು ವರದಾನವಾಯಿತು. ಪಾದ್ರಿಗಳ ಜೊತೆಗೆ, ಸಾಹೇಬರ ಕುಟುಂಬಗಳ ಜೊತೆಗೆ ಹಡಗು ಹತ್ತಿ ಹಿಂದುಸ್ತಾನಕ್ಕೂ ಬಂತು.

ನಮ್ಮ ಪೇಟಿ ಹುಟ್ಟಿದ್ದು ಕಲ್ಕತ್ತೆಯಲ್ಲಿ. ದ್ವಾರಕಾನಾಥ ಘೋಷ್ ಎಂಬುವರು 1875ರಲ್ಲಿ ಅಲ್ಲಿ ದ್ವಾರ್ಕಿನ್ ಎಂಬ ವಾದ್ಯದ ಅಂಗಡಿ ತೆರೆದರು. 1880ರ ದಶಕದಲ್ಲಿ ಅವರು ಈ ಮೇಜಿನ ಕಾಲು ಕತ್ತರಿಸಿದರು ಎಂದೇ ಹೇಳಬಹುದು. ತಿದಿಯನ್ನು ಹಿಂದಕ್ಕೆ ತಂದು ಎಡಗೈಗೆ ಕೊಟ್ಟರು, ಸ್ವರಗಳನ್ನು ಬಲಗೈಗೆ ಬಿಟ್ಟರು. ಇದು ನೋಡಲು ಸಣ್ಣ ಬದಲಾವಣೆ. ಆದರೆ ಎಷ್ಟು ವಿಚಾರವಿದೆ ನೋಡಿ! ನಮ್ಮವರು ಕೂಡುವುದು ನೆಲದ ಮೇಲೆ, ಕುರ್ಚಿಯ ಮೇಲಲ್ಲ. ನಮ್ಮ ಹಾಡಿಗೆ ಒಂದೇ ಎಳೆ, ಸ್ವರದ ಮೇಲೆ ಸ್ವರ ಪೇರಿಸುವ ಅವರ ಪದ್ಧತಿ ನಮಗಿಲ್ಲ. ಹಾಗಾದ ಮೇಲೆ ನುಡಿಸಲು ಎರಡು ಕೈ ಯಾಕೆ? ಮುಂದೆ ಎಡೆಬಿಡದೆ ಷಡ್ಜ ಹಿಡಿಯುವ ಸ್ಟಾಪರ್, ಒಂದು ಸ್ವರ ಒತ್ತಿದರೆ ಅದರ ಜೋಡಿ ಸ್ವರವೂ ನುಡಿಯುವ ಕಪ್ಲರ್ ಇವೆಲ್ಲ ಸೇರಿ ಪೇಟಿ ನಮ್ಮದಾಯಿತು.

ಒಂದು ಮಾತ್ರ ಬಹಳ ಕಾಲ ನಮ್ಮದಾಗಲಿಲ್ಲ. ಅದು ಸುರ. ಸಾಗವಾನಿಯ ಪೆಟ್ಟಿಗೆ ಇಲ್ಲಿಯ ಬಡಿಗರದು, ಒಳಗಿನ ನಾಲಗೆ ಮಾತ್ರ ಫ್ರಾನ್ಸ್, ಜರ್ಮನಿಗಳಿಂದ ಬರುತ್ತಿತ್ತು. ಪ್ಯಾರಿಸ್ಸಿನ ಕಾಸ್ರಿಯೆಲ್ ಕಂಪನಿಯ ಹೆಸರನ್ನು ಹಳೆಯ ಪೇಟಿ ಮಾಸ್ತರರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಮಹಾಯುದ್ಧಗಳು ಬಂದು ಜರ್ಮನಿಯ ವ್ಯಾಪಾರ ನಿಂತಿತು, ಸ್ವಾತಂತ್ರ್ಯದ ನಂತರ ಆಮದು ಬಿಗಿಯಾಯಿತು. ಆಗ ಗುಜರಾತಿನ ಪಾಲಿತಾಣದಂಥ ಊರುಗಳ ಸುರಗಳು ಪೇಟೆಯನ್ನು ತುಂಬಿದವು. ಆದ್ದರಿಂದ ಹಳೆಯ ಪೇಟಿಗೆ ಎರಡು ಹುಟ್ಟೂರು ಇರುತ್ತವೆ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಮುಚ್ಚಳದ ಮೇಲಿನ ಹಿತ್ತಾಳೆ ಚೀಟಿ ಹೇಳುವುದು ಪೆಟ್ಟಿಗೆಯ ಊರನ್ನು. ದನಿಯ ಊರು ತಿಳಿಯಬೇಕಾದರೆ ಒಳಗಿನ ಸುರಪಟ್ಟಿಯನ್ನು ಬಿಚ್ಚಿ ಅದರ ಮೇಲಿನ ಮುದ್ರೆ ನೋಡಬೇಕು. ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಹಳೆಯ ಪೇಟಿ ಕೊಳ್ಳುವುದೆಂದರೆ ಮುಖ ನೋಡದೆ ಮದುವೆಯಾದಂತೆ.

ಇನ್ನು ನಮ್ಮ ಸೀಮೆಯ ಮಾತು. ಪೇಟಿ ಹಳ್ಳಿಗೆ ಬಂದದ್ದು ಇಗರ್ಜಿಯಿಂದಲ್ಲ, ನಾಟಕದಿಂದ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಾಂಗಲಿಯ ಅರಸರು ಇಂಥದ್ದನ್ನು ಮರಾಠಿಯಲ್ಲಿ ಮಾಡು ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ಆಡಲಾಯಿತು. ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಅದೇ 1843ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿ ಸಂಗೀತ ನಾಟಕಕ್ಕೆ ದಾರಿ ಹಾಕಿದರು. ಕನ್ನಡದ್ದು ಮರಾಠಿಗೆ ಹೋಗಿ, ಮರಾಠಿಯದು ಮತ್ತೆ ಕನ್ನಡಕ್ಕೆ ಬಂದು, ಯಾರು ಯಾರಿಗೆ ಸಾಲ ಕೊಟ್ಟರು ಎಂದು ಲೆಕ್ಕ ಹಿಡಿಯುವುದೇ ಕಷ್ಟ. ಗಡಿಯಲ್ಲಿ ಇರುವ ನಮಗೆ ಆ ಲೆಕ್ಕದ ಗೊಡವೆಯೂ ಬೇಕಿಲ್ಲ.

ನಾಟಕ ಕಂಪನಿಗಳಿಗೆ ಪೇಟಿ ಯಾಕೆ ಅಷ್ಟು ಹಿಡಿಸಿತು? ಧ್ವನಿವರ್ಧಕ ಇಲ್ಲದ ಕಾಲ. ಸಾವಿರ ಜನರ ಗದ್ದಲದ ತಂಬಿನಲ್ಲಿ ಕಡೆಯ ಸಾಲಿನವರಿಗೂ ಕೇಳಬೇಕು. ಸಾರಂಗಿಗೆ, ತಂಬೂರಿಗೆ ಆ ತಾಕತ್ತಿಲ್ಲ, ಅಲ್ಲದೆ ತಂತಿ ವಾದ್ಯ ಮಳೆಗಾಳಿಗೆ ಗಳಿಗೆಗೊಮ್ಮೆ ಶ್ರುತಿ ತಪ್ಪುತ್ತದೆ. ಪೇಟಿ ಹಾಗಲ್ಲ. ಚಕ್ಕಡಿಯಲ್ಲಿ ಹತ್ತು ಹರದಾರಿ ಬಂದರೂ ಇಳಿಸಿದ ಕೂಡಲೇ ನುಡಿಯುತ್ತದೆ. ಕಂಪನಿಗಳಲ್ಲಿ ಕಾಲಿನಿಂದ ತುಳಿಯುವ ಪಾಯಪೇಟಿ, ಆರ್ಗನ್‌ಗಳೂ ಇದ್ದವು. ಕೊಲ್ಲಾಪುರ ಸೀಮೆಯ ಗೋವಿಂದರಾವ ಟೇಂಬೆ (1881–1955) ಪೇಟಿಯನ್ನು ಬರಿಯ ಸಾಥಿಗೆ ಬಿಡದೆ ಸ್ವತಂತ್ರವಾಗಿ ಕೇಳುವ ವಾದ್ಯ ಮಾಡಿದರು. 1911ರ 'ಮಾನಾಪಮಾನ' ನಾಟಕದ ಚಾಲುಗಳು ಅವರವೇ. ಕನ್ನಡದಲ್ಲಿ ಗುಬ್ಬಿ ಕಂಪನಿಯಿಂದ ಹಿಡಿದು ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘದ ತನಕ ಪೇಟಿ ಮಾಸ್ತರರಿಲ್ಲದ ಕಂಪನಿ ಇರಲಿಲ್ಲ. ಹೊಸ ಹುಡುಗನಿಗೆ ಹಾಡು ಕಲಿಸುವವರೂ ಅವರೇ, ಆಟದ ರಾತ್ರಿ ಅವನು ಮರೆತರೆ ಎತ್ತಿಕೊಡುವವರೂ ಅವರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಬಡ ಮಕ್ಕಳಿಗೆ ಸಂಗೀತ ಕಲಿಸಿ ಊರೂರಿಗೆ ಸಂಗೀತ ಮಾಸ್ತರರನ್ನು ಕಳಿಸಿದರು. ಅವರಲ್ಲಿ ಎಷ್ಟೋ ಜನರ ಅನ್ನ ಈ ಪೇಟಿಯ ಮೇಲೆಯೇ ನಡೆಯಿತು. ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆ ಮಾಸ್ತರರು (1917–2010) ಬಾಳುದ್ದಕ್ಕೂ ಪೇಟಿಯನ್ನೇ ಕಲಿಸಿದರು.

ಇಷ್ಟು ಜನಪ್ರಿಯವಾದ ವಾದ್ಯದ ಮೇಲೆ ದೋಷಾರೋಪವೂ ಅಷ್ಟೇ ದೊಡ್ಡದು. ಅದು ಏನೆಂದು ಸ್ವಲ್ಪ ಗಣಿತದಿಂದ ನೋಡೋಣ (ಮಕ್ಕಳಿಗೂ ಇದನ್ನು ಲೆಕ್ಕವಾಗಿ ಕೊಡಬಹುದು). ಷಡ್ಜ ಸೆಕೆಂಡಿಗೆ 240 ಕಂಪನ ಎಂದು ಇಟ್ಟುಕೊಳ್ಳಿ. ತಂಬೂರಿಯ ಜೊತೆ ಕಿವಿಗೆ ಹೊಂದುವ ಪಂಚಮ 360, ಗಾಂಧಾರ 300. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ. ಯಾವ ಪಟ್ಟಿಯಿಂದ ಹೊರಟರೂ ಹಾಡಲು ಬರಲಿ ಎಂದು ಈ ಏರ್ಪಾಡು. ಅದರಲ್ಲಿ ಪಂಚಮ 359.6 ಬರುತ್ತದೆ, ಅದನ್ನು ಯಾರೂ ಆಕ್ಷೇಪಿಸುವುದಿಲ್ಲ. ಗಾಂಧಾರ ಮಾತ್ರ 302.4ಕ್ಕೆ ಹೋಗಿ ಕೂಡುತ್ತದೆ. ಸ್ವಲ್ಪ ಏರು, ಆದರೆ ಬಲ್ಲ ಕಿವಿಗೆ ಚುಚ್ಚುತ್ತದೆ. ಎರಡನೆಯ ದೋಷ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುವ ಮೀಂಡ್ ಪೇಟಿಯಲ್ಲಿ ಬರುವುದಿಲ್ಲ. ಅದು ಮೆಟ್ಟಿಲು, ಇಳಿಜಾರಲ್ಲ.

ಈ ಮೊದಲನೆಯ ದೋಷವನ್ನು ತೆಗೆಯಲು ಹೊರಟವರು ನಮ್ಮ ಸಾಂಗಲಿಯವರೇ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಕೃಷ್ಣಾಜಿ ಬಲ್ಲಾಳ ದೇವಲ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರರು 22 ಶ್ರುತಿಗಳನ್ನು ಅಳತೆ ಮಾಡಿ 1910ರಲ್ಲಿ ಇಂಗ್ಲಿಷ್ ಪುಸ್ತಕ ಬರೆದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಅವರ ಜೊತೆಗೂಡಿದರು. ಮಿರಜದಲ್ಲಿ ನೆಲೆಸಿದ ಉಸ್ತಾದ ಅಬ್ದುಲ್ ಕರೀಮ್ ಖಾನರ ಕಂಠವೂ ಅವರ ಕೆಲಸಕ್ಕೆ ನೆರವಾಯಿತು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು ಇವರೇ. ಕ್ಲೆಮೆಂಟ್ಸರು ಲಂಡನ್ನಿನಲ್ಲಿ 'ಶ್ರುತಿ ಹಾರ್ಮೋನಿಯಂ' ಮಾಡಿಸಿ ತರಿಸಿದರು. 1916ರಲ್ಲಿ ಬಡೋದೆಯ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದನ್ನು ಪರೀಕ್ಷೆಗೆ ಇಟ್ಟರು. ನೆರೆದ ಉಸ್ತಾದರಿಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮ ಅನಿಸಿಕೆ ಹೇಳುವುದಾದರೆ, ಲೆಕ್ಕ ಎಷ್ಟು ಸರಿಯಿದ್ದರೂ ಅಷ್ಟು ಸ್ವರಗಳ ನಡುವೆ ಬೆರಳು ಓಡಿಸುವುದು ಪೇಟಿ ಮಾಸ್ತರರ ಕೆಲಸವಲ್ಲ, ಟೈಪಿಸ್ಟರ ಕೆಲಸ! ಆದರೂ ಒಂದು ಗಡಿ ಊರಿನ ಪಿಂಚಣಿದಾರರು ಇಂಥ ಪ್ರಶ್ನೆ ಎತ್ತಿ ಇಡೀ ದೇಶದ ಪಂಡಿತರನ್ನು ಕೂಡಿಸಿ ವಾದ ಮಾಡಿಸಿದ್ದು ಕಡಿಮೆ ಮಾತಲ್ಲ.

ಮುಂದಿನ ಪೆಟ್ಟು ರೇಡಿಯೋದಿಂದ ಬಂತು. ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರು 1938ರಲ್ಲಿ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಹಾನಿ ಎಂದು ಲೇಖನ ಬರೆದರು. ರವೀಂದ್ರನಾಥ ಟಾಗೋರರಿಗೂ ಈ ವಾದ್ಯ ಕಂಡರೆ ಆಗುತ್ತಿರಲಿಲ್ಲ. 1940ರಲ್ಲಿ ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದು ಅದನ್ನು ತೆಗೆದುಹಾಕಲು ಕೇಳಿಕೊಂಡರು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಪೇಟಿಗೆ ಬಹಿಷ್ಕಾರ ಬಿತ್ತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಆ ಕೇಂದ್ರದ ಮೊದಲ ಇಪ್ಪತ್ತು ವರ್ಷವೂ ಬಹಿಷ್ಕಾರ ನಡೆದೇ ಇತ್ತು. ಹೊರಗೆ ಧಾರವಾಡ, ಹುಬ್ಬಳ್ಳಿ, ಗದಗಗಳ ಬೈಠಕ್ಕಿನಲ್ಲಿ ಪೇಟಿಯ ಸಾಥಿಗೆ ಹಾಡಿದ ಗಾಯಕರೇ ರೇಡಿಯೋ ಮನೆಯೊಳಗೆ ಹೋದಾಗ ಪೇಟಿ ಹೊರಗೆ! 1970ರಲ್ಲಿ ಈ ಬಗ್ಗೆ ವಿಚಾರ ಸಂಕಿರಣ ನಡೆದು, 1971ರಲ್ಲಿ ನಿಷೇಧ ಭಾಗಶಃ ಸಡಿಲವಾಯಿತು. ಅಷ್ಟು ಹೊತ್ತಿಗೆ ಪೇಟಿ ಹಳ್ಳಿಯ ಕಿವಿಯಲ್ಲಿ ಬೇರು ಬಿಟ್ಟಾಗಿತ್ತು. ರೇಡಿಯೋ ಬೇಡವೆಂದದ್ದು ಭಜನಿ ಮೇಳದವರಿಗೆ ಗೊತ್ತೂ ಇರಲಿಲ್ಲ.

ಟೀಕೆ ಮಾಡಿದವರದು ತಪ್ಪಲ್ಲ. ಗಾಂಧಾರ ಏರುವುದು ನಿಜ, ಮೀಂಡ್ ಬಾರದಿರುವುದೂ ನಿಜ. ಆದರೆ ತಂಬೂರಿ ಹಿಡಿದು ಶ್ರುತಿ ಮಾಡಿಕೊಳ್ಳಬಲ್ಲವರು ಇಲ್ಲದ ಊರಿನಲ್ಲಿ, ಪೇಟಿಯೂ ಇಲ್ಲವೆಂದರೆ ಇರುವುದೇನು? ಪರಿಪಾಠದಲ್ಲಿ ಅರವತ್ತು ಮಕ್ಕಳು ಅರವತ್ತು ಶ್ರುತಿಯಲ್ಲಿ ಹಾಡುವುದನ್ನು ದಿನಾಲು ಕೇಳುವವರು ನಾವು. ಮೊಬೈಲಿನಲ್ಲಿ ಹಾಡು ಹಚ್ಚಿ ಸ್ಪೀಕರ್ ಇಡಬಹುದಲ್ಲ ಎನ್ನುವವರಿದ್ದಾರೆ. ಮೊಬೈಲ್ ಮಗುವಿಗಾಗಿ ನಿಲ್ಲುವುದಿಲ್ಲ. ಪೇಟಿಯ ಮುಂದೆ ಕೂತವರು ಮಗುವಿನ ಗಂಟಲು ಎಲ್ಲಿ ಏರುತ್ತದೆ ನೋಡಿ, ಬಿಳಿ ನಾಲ್ಕೋ ಕಪ್ಪು ನಾಲ್ಕೋ ಎಂದು ಪಟ್ಟಿ ಬದಲಿಸುತ್ತಾರೆ.

ಈಗ ಮತ್ತೆ ಆ ಹಳೆಯ ಪೇಟಿಯ ಮಾತಿಗೆ ಬರೋಣ. ಹಳೆಯದಾದಷ್ಟೂ ಬೆಲೆ ಏರುವ ವಾದ್ಯಗಳು ಜಗತ್ತಿನಲ್ಲಿವೆ. ಅಮೆರಿಕದ ಫೆಂಡರ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಎಂಬ ದೊಡ್ಡ ಸಂಸ್ಥೆ ಕೊಂಡಿತು. ಅದಕ್ಕಿಂತ ಮುಂಚಿನ ಎಲೆಕ್ಟ್ರಿಕ್ ಗಿಟಾರುಗಳನ್ನು ಅಲ್ಲಿಯವರು ಹುಡುಕಿ ಹುಡುಕಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಗಿಟಾರಿನ ತಂತಿ ಸವೆದರೆ ಬೇರೆ ತಂತಿ ಕಟ್ಟಬಹುದು, ಮರ ಹಾಗೇ ಇರುತ್ತದೆ. ಪೇಟಿಯಲ್ಲಿ ಸವೆಯುವುದು ದನಿಯೇ. ಶ್ರುತಿ ಏರಿಸಲು ನಾಲಗೆಯ ತುದಿಯನ್ನು ಅರದಿಂದ ಕೆರೆಯುತ್ತಾರೆ, ಇಳಿಸಲು ಬುಡವನ್ನು ಕೆರೆಯುತ್ತಾರೆ. ಹೇಗೆ ಮಾಡಿದರೂ ಹಿತ್ತಾಳೆ ಉದುರುವುದೇ. ನೂರು ವರ್ಷದಲ್ಲಿ ಹತ್ತು ಕೈ ಕೆರೆದ ನಾಲಗೆ ಕಾಗದದಂತಾಗಿ ಒಂದು ದಿನ ಹಾಡಿನ ನಡುವೆ ಮುರಿಯುತ್ತದೆ. ಕೆರೆಯದೆ ಉಳಿದಿದ್ದರೆ ಮಾತ್ರ ಹಳೆಯ ಸುರ ಬಂಗಾರ. ಅದಕ್ಕಾಗಿಯೇ ಕೆಲವು ವ್ಯಾಪಾರಿಗಳು ಹಳೆಯ ಪೇಟಿ ಕೊಂಡು, ಸುರ ಕಿತ್ತು ಹೊಸ ಪೆಟ್ಟಿಗೆಗೆ ಕೂಡಿಸಿ, ಹಳೆಯ ಪೆಟ್ಟಿಗೆಯನ್ನು ಬೇರೆ ಮಾರುತ್ತಾರೆ. ನಾವು ಬೇಡವೆಂದರೆ ಈ ಪೇಟಿಗೂ ಅದೇ ಗತಿ.

ಇನ್ನೊಂದು ಸೂಕ್ಷ್ಮವಿದೆ. ಫ್ರಾನ್ಸಿನವರು 1859ರಲ್ಲಿ ತಮ್ಮ 'ಎ' ಸ್ವರವನ್ನು 435 ಕಂಪನಕ್ಕೆ ನಿಗದಿ ಮಾಡಿದ್ದರು. 1939ರ ಲಂಡನ್ ಸಭೆಯ ನಂತರ ಜಗತ್ತಿನಲ್ಲಿ 440 ರೂಢಿಯಾಯಿತು. ಹಳೆಯ ಪ್ಯಾರಿಸ್ ಸುರ ಹಳೆಯ ಶ್ರುತಿಯಲ್ಲೇ ಉಳಿದಿದ್ದರೆ ಇಂದಿನ ಪೇಟಿಗಿಂತ ಅರ್ಧಸ್ವರದ ಐದನೆಯ ಒಂದು ಪಾಲಿನಷ್ಟು ಇಳಿದಿರುತ್ತದೆ. ಒಂದೇ ನುಡಿಸಿದರೆ ಯಾರಿಗೂ ಗೊತ್ತಾಗದು, ಪಕ್ಕದ ಶಾಲೆಯ ಪೇಟಿಯ ಜೊತೆ ಕೂಡಿಸಿದರೆ ಜಗಳ. ಹಾಗೆಂದು 440ಕ್ಕೆ ಏರಿಸಲು ಹೋದರೆ ಎಲ್ಲ ನಾಲಗೆಗಳನ್ನೂ ಕೆರೆಯಬೇಕು. ನಮ್ಮ ಶಾಲೆಯಲ್ಲಿ ಇರುವುದೇ ಒಂದು ಪೇಟಿ ಆದ್ದರಿಂದ ಇಳಿದೇ ಇರಲಿ ಎನ್ನುವುದು ನಮ್ಮ ಮತ.

ನಾವೇ ನೋಡಬಲ್ಲದ್ದನ್ನು ನೋಡಿದ್ದೇವೆ. ಯಾವ ಪಟ್ಟಿಯನ್ನೂ ಒತ್ತದೆ ತಿದಿ ತುಂಬಿ ಬಿಟ್ಟರೆ ಅದು ನಿಧಾನವಾಗಿ ಕೂಡಬೇಕು. ಇಲ್ಲಿ ಬೇಗನೆ ಕೂತಿತು, ಅಂದರೆ ಗಾಳಿ ಸೋರುತ್ತಿದೆ. ಚರ್ಮ, ಬಟ್ಟೆ ಬದಲಿಸಿದರೆ ಅದು ಸರಿಹೋಗುತ್ತದೆ, ಹೆದರಿಕೆಯಿಲ್ಲ. ಎರಡು ಸ್ವರ ಒತ್ತದೆಯೇ ಅಳುತ್ತಿದ್ದವು. ಅದು ಸ್ಪ್ರಿಂಗಿನ ದೋಷ, ಅದೂ ಸಣ್ಣದು. ಮಂದ್ರದ ಒಂದು ಸ್ವರ ನುಡಿಯಲೇ ಇಲ್ಲ. ಧೂಳು ಕೂತಿರಬಹುದು, ನಾಲಗೆ ಸೀಳಿರಲೂಬಹುದು. ಒಳಗೆ ಬಿಚ್ಚಿ ನೋಡದೆ ಹೇಳಲಾಗದು. ಉಳಿದ ಸ್ವರಗಳ ದನಿ ಕೇಳಿದಾಗ ಮಾತ್ರ ಸಮಿತಿಯಲ್ಲಿ ಗುಜರಿ ಎಂದವರೂ ಸುಮ್ಮನಾದರು. ಹೊಸ ಪೇಟಿಯ ಒರಟು ಕೂಗು ಅದರಲ್ಲಿಲ್ಲ.

ಮಿರಜ ನಮಗೆ ದೂರವಲ್ಲ. ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಿತಾರ, ತಂಬೂರಿ ಮಾಡಲು ತೊಡಗಿದರು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಜಿಐ ಮಾನ್ಯತೆ ಸಿಕ್ಕಿದೆ. ಪೇಟಿ ಬಿಚ್ಚಿ ನೋಡಬಲ್ಲ ಕುಶಲಿಗರೂ ಅಲ್ಲಿ ಸಿಗುತ್ತಾರೆ. ಪೇಟಿಯನ್ನು ಮನೆಯವರೊಬ್ಬರು, ಸಮಿತಿಯವರೊಬ್ಬರು ಕೂಡಿ ಮಿರಜಕ್ಕೆ ಒಯ್ಯುವುದು, ಎದುರಿಗೇ ಬಿಚ್ಚಿಸುವುದು ಎಂದು ಎರಡೂ ಕಡೆಯವರು ಒಪ್ಪಿದ್ದಾರೆ. ನಾವು ಠರಾವಿನಲ್ಲಿ ಬರೆಸಿದ್ದು ಇಷ್ಟು: ಸುರಪಟ್ಟಿಯ ಮೇಲೆ ಪ್ಯಾರಿಸ್ ಅಥವಾ ಜರ್ಮನ್ ಮುದ್ರೆ ಇರಬೇಕು, ನಡುವಿನ ಸಪ್ತಕದಲ್ಲಿ ಒಂದು ನಾಲಗೆಯೂ ಸೀಳಿರಬಾರದು, ರಿಪೇರಿಯ ಖರ್ಚನ್ನು ಹೇಳಿದ ಬೆಲೆಯಿಂದ ಕಳೆಯಬೇಕು, ಶ್ರುತಿ ಏರಿಸುವ ಹೆಸರಿನಲ್ಲಿ ಅರ ಮುಟ್ಟಿಸಬಾರದು. ಇವು ಕೂಡಿ ಬಂದರೆ ಹಳೆಯ ಪೇಟಿ ಶಾಲೆಗೆ. ಒಂದು ತಪ್ಪಿದರೂ ಅದೇ ದಿನ ಅಂಗಡಿಗೆ ಹೋಗಿ ಹೊಸದನ್ನು ತರುವುದು, ಯಾಕೆಂದರೆ ಕಬ್ಬಿಗೆ ಹೋಗುವವರು ಗಾಡಿ ಹತ್ತುವ ಮುಂಚೆ ತಮ್ಮ ದುಡ್ಡಿನ ಪೇಟಿಯ ದನಿಯನ್ನು ಒಮ್ಮೆ ಕೇಳಬೇಕು ಎಂದು ಕೇಳಿಕೊಂಡಿದ್ದಾರೆ.